ಗದೆ, ಕಿರೀಟ, ಹಾಲ್‌ಟಿಕೆಟ್

ಹಡಗಲಿಯ ನಮ್ಮ ಲೈಬ್ರರಿ ಗ್ಯಾಂಗಿನಲ್ಲಿ ಏಳು ಜನ ಇದ್ದೇವೆ. ಎಲ್ಲರದ್ದೂ ಡಿಗ್ರಿ ಮುಗಿದಿದೆ, ಎಲ್ಲರೂ ಎಫ್‌ಡಿಎ, ಪಿಡಿಒ, ಪೊಲೀಸ್ ಅಂತ ಯಾವ ನೋಟಿಫಿಕೇಶನ್ ಬಂದರೂ ಅರ್ಜಿ ಹಾಕುವವರೇ. ರಾತ್ರಿ ಓದು ಮುಗಿಸಿ ರೂಮಿಗೆ ಬಂದ ಮೇಲೆ ಅರ್ಧ ತಾಸು ಮೊಬೈಲ್ ನೋಡುವುದು ನಮ್ಮ ಅಲಿಖಿತ ಟೈಮ್‌ಟೇಬಲ್. ಒಬ್ಬ ಕೊರಿಯನ್ ಸೀರೀಸ್ ಹಚ್ಚುತ್ತಾನೆ, ಇನ್ನೊಬ್ಬ ರೀಲ್ಸ್ ಎಳೆಯುತ್ತಾ ಮಲಗುತ್ತಾನೆ, ಮತ್ತೊಬ್ಬನಿಗೆ ಕ್ರಿಕೆಟ್ ಹೈಲೈಟ್ಸ್ ಇಲ್ಲದೆ ನಿದ್ದೆ ಬಾರದು. ನನ್ನ ಪರದೆಯ ಮೇಲೆ ಮಾತ್ರ ಕಿರೀಟ, ಭುಜಕೀರ್ತಿ, ಗದೆ, ರಥ. ‘ಏನಲೇ ನೀನು, ವಯಸ್ಸು ಇಪ್ಪತ್ತೈದು, ಟೇಸ್ಟು ಎಪ್ಪತ್ತೈದು’ ಅಂತ ಅವರು ನಗುತ್ತಾರೆ.

ಹಳೆಯ ಪೌರಾಣಿಕ ಸಿನಿಮಾ ಅಂದ ತಕ್ಷಣ ಭಕ್ತಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಹುಚ್ಚಿಗೂ ಭಕ್ತಿಗೂ ಸಂಬಂಧ ಕಡಿಮೆ. ಯಾಕೆಂದರೆ ‘ಬಭ್ರುವಾಹನ’ ನೋಡಿದಷ್ಟೇ ಆಸೆಯಿಂದ ನಾನು ‘ಬೆನ್‌ಹರ್’, ‘ಟೆನ್ ಕಮಾಂಡ್‌ಮೆಂಟ್ಸ್’, ‘ಸ್ಪಾರ್ಟಕಸ್’ ಕೂಡ ನೋಡುತ್ತೇನೆ. ಒಂದರಲ್ಲಿ ಅರ್ಜುನ, ಇನ್ನೊಂದರಲ್ಲಿ ಮೋಸೆಸ್, ಮತ್ತೊಂದರಲ್ಲಿ ರೋಮಿನ ಗುಲಾಮ. ವೇಷ ಬೇರೆ, ದೇವರು ಬೇರೆ, ಆದರೆ ಮನೆತನ ಒಂದೇ. ಇದು ಸುಮ್ಮನೆ ಹೇಳುವ ಮಾತಲ್ಲ, ಇತಿಹಾಸವೇ ಇದೆ. 1910-11ರ ಸುಮಾರಿಗೆ ಮುಂಬೈನ ಟೆಂಟೊಂದರಲ್ಲಿ ದಾದಾಸಾಹೇಬ್ ಫಾಲ್ಕೆ ಯೇಸುಕ್ರಿಸ್ತನ ಜೀವನದ ಮೂಕಿಚಿತ್ರ ನೋಡಿದರು. ಪರದೆಯ ಮೇಲೆ ಕ್ರಿಸ್ತ ಓಡಾಡುತ್ತಿದ್ದರೆ ಅವರ ಕಣ್ಣಿಗೆ ಕೃಷ್ಣ, ರಾಮ ಕಾಣತೊಡಗಿದರಂತೆ. ನಮ್ಮ ದೇವರುಗಳನ್ನೂ ಹೀಗೆ ಪರದೆ ಮೇಲೆ ಯಾಕೆ ತರಬಾರದು ಅನ್ನುವ ಆ ಹಟದಿಂದಲೇ 1913ರಲ್ಲಿ ‘ರಾಜಾ ಹರಿಶ್ಚಂದ್ರ’ ಬಂತು. ಅಂದರೆ ಭಾರತದ ಸಿನಿಮಾದ ಬೇರಿಗೆ ನೀರು ಬಿದ್ದದ್ದು ಒಂದು ಬೈಬಲ್ ಚಿತ್ರದಿಂದ! ಜಿ.ಕೆ. ಪ್ರಶ್ನೆಪತ್ರಿಕೆಯಲ್ಲಿ ‘ಭಾರತದ ಮೊದಲ ಚಲನಚಿತ್ರ ಯಾವುದು’ ಅಂತ ಕೇಳುತ್ತಾರೆ, ಉತ್ತರ ನಮಗೆಲ್ಲ ಬಾಯಿಪಾಠ. ಅದರ ಹಿಂದಿನ ಈ ಕತೆಯನ್ನು ಮಾತ್ರ ಯಾವ ಗೈಡೂ ಹೇಳುವುದಿಲ್ಲ.

ಕನ್ನಡದ ಕತೆ ಇನ್ನೂ ಚೆನ್ನಾಗಿದೆ. ನಮ್ಮ ಮೊದಲ ವಾಕ್ಚಿತ್ರ 1934ರ ‘ಸತಿ ಸುಲೋಚನಾ’. ವೈ.ವಿ. ರಾವ್ ನಿರ್ದೇಶನ, ಚಿತ್ರೀಕರಣ ಕೊಲ್ಹಾಪುರದಲ್ಲಿ, ಸುಬ್ಬಯ್ಯನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾಯರು ರಾವಣ, ತ್ರಿಪುರಾಂಬ ಸುಲೋಚನೆ. ಸುಲೋಚನೆ ಯಾರು? ಇಂದ್ರಜಿತುವಿನ ಹೆಂಡತಿ, ರಾವಣನ ಸೊಸೆ. ಕನ್ನಡ ಸಿನಿಮಾ ಬಾಯಿ ಬಿಟ್ಟು ಮೊದಲ ಮಾತಾಡಿದ್ದು ಅಯೋಧ್ಯೆಯ ಕಡೆಯಿಂದ ಅಲ್ಲ, ಸೋತ ಲಂಕೆಯ ಕಡೆಯಿಂದ, ಅದೂ ಗಂಡನನ್ನು ಕಳೆದುಕೊಂಡ ಒಬ್ಬ ಹೆಣ್ಣಿನ ಕಡೆಯಿಂದ. ಈ ಸಂಗತಿ ಗೊತ್ತಾದ ದಿನ ನನಗೆ ಒಂಥರಾ ರೋಮಾಂಚನವೇ ಆಗಿತ್ತು. ಬೇಸರ ಏನೆಂದರೆ ಆ ಸಿನಿಮಾದ ಪ್ರಿಂಟ್ ಇವತ್ತು ಉಳಿದಿಲ್ಲ. ಕೆಲವು ಸ್ಟಿಲ್‌ಗಳು, ಕೆಲವು ನೆನಪುಗಳು, ಅಷ್ಟೇ. ನಾವು ಹಳೆಯ ಸಿನಿಮಾ ಅಂದರೆ ಯೂಟ್ಯೂಬ್‌ನಲ್ಲಿ ಯಾವಾಗಲೂ ಬಿದ್ದಿರುತ್ತದೆ ಅಂದುಕೊಂಡಿದ್ದೇವೆ. ಬಿದ್ದಿರುವುದಿಲ್ಲ.

ಸೋತವರ ಕಡೆ ವಾಲುವ ಈ ಗುಣ ಕನ್ನಡಕ್ಕೆ ಸಿನಿಮಾದಿಂದ ಬಂದದ್ದಲ್ಲ. ಹತ್ತನೇ ಶತಮಾನದ ರನ್ನ ‘ಗದಾಯುದ್ಧ’ದಲ್ಲಿ ದುರ್ಯೋಧನನಿಗೆ ಕೊಟ್ಟ ಘನತೆಯನ್ನು ಪಿಯುಸಿಯಲ್ಲಿ ಓದಿದವರು ನೆನಪು ಮಾಡಿಕೊಳ್ಳಿ. ನಮ್ಮ ಬಳ್ಳಾರಿ ಸೀಮೆಯ ಕಡೆಯಂತೂ ಈ ಹುಚ್ಚು ಇನ್ನೂ ಜೋರು. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ ನಾಟಕದ ಹೆಸರು ಕೇಳದ ಹಳ್ಳಿ ಇಲ್ಲಿ ಸಿಗುವುದು ಕಷ್ಟ. ಸುಭದ್ರಮ್ಮ ಮನ್ಸೂರು ಅವರ ದ್ರೌಪದಿಯನ್ನು ನೋಡಿದ ಹಿರಿಯರು ಅದನ್ನು ಹೇಳುವಾಗ ಇವತ್ತಿಗೂ ದನಿ ತಗ್ಗಿಸುತ್ತಾರೆ. ನಮ್ಮ ಹಡಗಲಿಯಲ್ಲಿ ಎಂ.ಪಿ. ಪ್ರಕಾಶ್ ರಾಜಕಾರಣದ ನಡುವೆಯೂ ‘ರಂಗಭಾರತಿ’ ಕಟ್ಟಿ ನಾಟಕ ಮಾಡಿಸಿದರು. ಹೀಗಾಗಿ ಇಲ್ಲಿ ಹುಟ್ಟಿದವನಿಗೆ ಗದೆ, ಕಿರೀಟ ನೋಡಿದರೆ ಹೊಸತು ಅನ್ನಿಸುವುದಿಲ್ಲ. ಊರ ಜಾತ್ರೆಗೆ ಬಾಡಿಗೆಗೆ ಬರುವ ಟ್ರಂಕಿನಲ್ಲಿ ಅವನ್ನು ಕಂಡಿರುತ್ತಾನೆ. ಜರಿ ಕಿತ್ತ ಪಂಚೆ, ಬೆಳ್ಳಿ ಬಣ್ಣ ಬಳಿದ ಕವಚ, ಮುಟ್ಟಿದರೆ ಹಗುರ ಇರುವ ಗದೆ. ಚಿಕ್ಕವನಿದ್ದಾಗ ಅದನ್ನು ಎತ್ತಿ ನೋಡಿದ್ದೆ, ಒಳಗೆ ಟೊಳ್ಳು. ಆದರೆ ರಾತ್ರಿ ಲೈಟು ಬಿದ್ದು, ಹಾರ್ಮೋನಿಯಂ ಮಾಸ್ತರರು ಶ್ರುತಿ ಹಿಡಿದು, ಭೀಮ ಅದನ್ನು ಹೆಗಲ ಮೇಲೆ ಹೊತ್ತು ನಿಂತಾಗ ಆ ಭಾರಕ್ಕೆ ಅವನ ಹೆಗಲು ಒಂದಿಷ್ಟು ಕುಸಿದಿತ್ತು. ಟೊಳ್ಳು ಗದೆಗೆ ಭಾರ ಎಲ್ಲಿಂದ ಬಂತು?

ಈ ಪ್ರಶ್ನೆಯೇ ನನ್ನನ್ನು ಈ ಸಿನಿಮಾಗಳಿಗೆ ಕಟ್ಟಿಹಾಕಿದ್ದು ಅನ್ನಿಸುತ್ತದೆ. ಇವತ್ತು ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ ಬೆಟ್ಟವೇ ಎದ್ದು ನಡೆಯುತ್ತದೆ, ಸಾವಿರಾರು ಆನೆ ನುಗ್ಗುತ್ತವೆ, ಆದರೂ ಯಾವುದಕ್ಕೂ ತೂಕ ಇರುವುದಿಲ್ಲ. ಆಗಿನವರ ಹತ್ತಿರ ಕಂಪ್ಯೂಟರ್ ಇರಲಿಲ್ಲ, ಹಾಗಾಗಿ ನಿಜವಾದ ಜನ, ನಿಜವಾದ ಮರ, ನಿಜವಾದ ಕುದುರೆ ತರಬೇಕಿತ್ತು. 1959ರ ‘ಬೆನ್‌ಹರ್’ ರಥಸ್ಪರ್ಧೆಗಾಗಿ ರೋಮಿನ ಚಿನೆಚಿತ್ತಾ ಸ್ಟುಡಿಯೋದಲ್ಲಿ ಸುಮಾರು 18 ಎಕರೆಯ ಸೆಟ್ ಹಾಕಿದ್ದರು. 18 ಎಕರೆ ಅಂದರೆ ನಮ್ಮ ಕಡೆ ಮೂರು ತಲೆಮಾರು ಜಗಳಾಡಿ ಹಂಚಿಕೊಳ್ಳುವಷ್ಟು ಹೊಲ! ಪರದೆ ಮೇಲೆ ಹತ್ತು ನಿಮಿಷವೂ ಇರದ ಆ ಓಟವನ್ನು ತೆಗೆಯಲು ವಾರಗಟ್ಟಲೆ ಹಿಡಿಯಿತು. ಧೂಳು ನಿಜದ್ದು, ಕುದುರೆಯ ಬೆವರು ನಿಜದ್ದು. ಆ ಸಿನಿಮಾ 11 ಆಸ್ಕರ್ ಗೆದ್ದಿತು.

ನಮ್ಮಲ್ಲಿ ಇಂಥದ್ದು ಇರಲಿಲ್ಲ ಅಂತ ಕೈ ಚೆಲ್ಲಬೇಡಿ. 1959ರ ಬೆನ್‌ಹರ್‌ನ ರಥ ಓಡುವುದಕ್ಕೂ ಎಷ್ಟೋ ವರ್ಷ ಮೊದಲೇ, 1930ರ ದಶಕದಲ್ಲಿ, ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನು ರಂಗಕ್ಕೆ ತಂದಿದ್ದರು. ಸಿನಿಮಾ ಅಲ್ಲ, ನಾಟಕ. ರೀಟೇಕ್ ಇಲ್ಲ. ಆನೆಗೆ ಮೂಡು ಕೆಟ್ಟರೆ ಮೊದಲ ಸಾಲಿನ ಪ್ರೇಕ್ಷಕರ ಗತಿ ಏನು ಅಂತ ಯೋಚಿಸಿ ನಾನು ಒಬ್ಬನೇ ನಕ್ಕಿದ್ದೇನೆ.

ಆ ಕಾಲದ ತಂತ್ರಗಳನ್ನು ಹುಡುಕಿ ಓದುವುದು ನನಗೆ ಇನ್ನೊಂದು ಚಟ. ಸೆಸಿಲ್ ಬಿ. ಡೆಮಿಲ್ ‘ಟೆನ್ ಕಮಾಂಡ್‌ಮೆಂಟ್ಸ್’ ಕತೆಯನ್ನು ಎರಡು ಸಲ ತೆಗೆದ, 1923ರಲ್ಲಿ ಮೂಕಿಯಾಗಿ, 1956ರಲ್ಲಿ ಬಣ್ಣದಲ್ಲಿ. ಕೆಂಪು ಸಮುದ್ರ ಸೀಳುವ ದೃಶ್ಯಕ್ಕೆ ಮೊದಲ ಸಲ ಬಳಸಿದ್ದು ಜೆಲ್ಲಿ! ಹೌದು, ನಾವು ಬೇಕರಿಯಲ್ಲಿ ತಿನ್ನುವ ಆ ಅಲುಗಾಡುವ ಜೆಲ್ಲಿಯಂಥದ್ದೇ. ಎರಡನೆಯ ಸಲ ದೊಡ್ಡ ತೊಟ್ಟಿಗಳಿಗೆ ಎರಡೂ ಕಡೆಯಿಂದ ನೀರು ಸುರಿದು, ಆ ಫಿಲ್ಮನ್ನು ಹಿಂದುಮುಂದಾಗಿ ಓಡಿಸಿದರು. ಸುರಿದ ನೀರು ಹಿಂದಕ್ಕೆ ಎದ್ದು ಗೋಡೆಯಾಯಿತು. ಈಜಿಪ್ಟಿನಲ್ಲಿ ಶೂಟಿಂಗ್ ನಡೆಯುವಾಗ ಎಪ್ಪತ್ತು ದಾಟಿದ್ದ ಡೆಮಿಲ್‌ಗೆ ಹೃದಯಾಘಾತವೇ ಆಯಿತು, ಕೆಲವೇ ದಿನಗಳಲ್ಲಿ ಎದ್ದು ಬಂದು ಮತ್ತೆ ಕ್ಯಾಮೆರಾ ಹಿಂದೆ ನಿಂತ. ಅದೇ ಅವನು ನಿರ್ದೇಶಿಸಿದ ಕೊನೆಯ ಸಿನಿಮಾ. ನಮ್ಮಲ್ಲಿ ಡಬಲ್ ರೋಲ್ ತೆಗೆಯುವಾಗ ಲೆನ್ಸಿನ ಅರ್ಧ ಭಾಗ ಮುಚ್ಚಿ ಒಂದು ಸಲ ಶೂಟ್ ಮಾಡಿ, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಇನ್ನರ್ಧ ತೆರೆದು ಮತ್ತೆ ಶೂಟ್ ಮಾಡುವ ರೂಢಿ ಇತ್ತು. ನಟ ತನ್ನೆದುರು ಯಾರೂ ಇಲ್ಲದ ಗಾಳಿಗೆ ಸವಾಲು ಹಾಕಬೇಕು, ಆ ಗಾಳಿಯ ಕಣ್ಣಿನ ಎತ್ತರ ನೆನಪಿಟ್ಟುಕೊಳ್ಳಬೇಕು, ಆಮೇಲೆ ಆ ಕಡೆ ಹೋಗಿ ತನಗೇ ಉತ್ತರ ಕೊಡಬೇಕು.

ಇನ್ನು ಜನಜಂಗುಳಿ. ಈ ಸಿನಿಮಾಗಳ ಸಾವಿರಾರು ಜನರ ದೃಶ್ಯಗಳು ನನ್ನ ಗೆಳೆಯರಿಗೆ ಬೋರು. ನನಗೆ ಅವು ಮೈಲಾರದ ಹಾಗೆ ಕಾಣುತ್ತವೆ. ನಮ್ಮ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ಕಾರ್ಣಿಕ ನೋಡಿದವರಿಗೆ ಬೇರೆ ಹೇಳಬೇಕಿಲ್ಲ. ಡೆಂಕನಮರಡಿಯಲ್ಲಿ ಕಣ್ಣು ಹಾಯುವವರೆಗೂ ಜನ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಅನ್ನುತ್ತಾನೆ. ಲಕ್ಷಗಟ್ಟಲೆ ಬಾಯಿ ಒಂದೇ ಕ್ಷಣಕ್ಕೆ ಮುಚ್ಚುತ್ತವೆ. ಮಗು ಅತ್ತರೂ ಕೇಳುವಷ್ಟು ಮೌನ. ಒಂದೇ ಒಂದು ಸಾಲು ನುಡಿದು ಆತ ಮೇಲಿನಿಂದ ಬೀಳುತ್ತಾನೆ, ಜನ ಕೈಯಲ್ಲಿ ಹಿಡಿಯುತ್ತಾರೆ. ಆ ಒಂದು ಸಾಲನ್ನು ಹಿಡಿದುಕೊಂಡು ಮಳೆ ಹೇಗೆ, ಬೆಳೆ ಹೇಗೆ, ಸರ್ಕಾರ ಇರುತ್ತೋ ಬೀಳುತ್ತೋ ಅಂತ ವರ್ಷಪೂರ್ತಿ ಚರ್ಚೆ. ಮಣಿಕಾಸುರ, ಮಲ್ಲಾಸುರರನ್ನು ಕೊಂದ ಮೈಲಾರಲಿಂಗನ ಕತೆ ಇಲ್ಲಿ ಪುಸ್ತಕದಲ್ಲಿಲ್ಲ, ಕಂಬಳಿ ಹೊದ್ದು ಡಮರುಗ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ಓಡಾಡುತ್ತದೆ. ಹಾಗಾಗಿ ಮೋಸೆಸ್ ಬೆಟ್ಟದಿಂದ ಇಳಿದು ಬರುವಾಗ ಕೆಳಗೆ ಕಾದು ನಿಂತ ಜನರನ್ನು ನೋಡಿದರೆ ನನಗೆ ಅವರ ಭಾಷೆ ಬೇರೆ ಅನ್ನಿಸುವುದಿಲ್ಲ. ಮೇಲಿಂದ ಒಂದು ಮಾತು ಬರಲಿ ಅಂತ ಕಾಯುವುದು ನಮಗೂ ಗೊತ್ತು. ಕಾಯುವ ವಿಷಯದಲ್ಲಂತೂ ನಮ್ಮ ಗ್ಯಾಂಗ್‌ಗೆ ಡಾಕ್ಟರೇಟ್ ಕೊಡಬಹುದು. ಪರೀಕ್ಷೆ ಬರೆದು ಕೀ ಆನ್ಸರ್‌ಗೆ, ಕೀ ಆನ್ಸರ್ ಬಂದು ಆಕ್ಷೇಪಣೆಗೆ, ಆಮೇಲೆ ಕೋರ್ಟಿನ ತಡೆಯಾಜ್ಞೆ ತೆರವಿಗೆ.

‘ಬೆನ್‌ಹರ್’ನಲ್ಲಿ ನನಗೆ ರಥಸ್ಪರ್ಧೆಗಿಂತ ಇಷ್ಟವಾದದ್ದು ಅದಕ್ಕೂ ಮುಂಚಿನ ಹಡಗಿನ ದೃಶ್ಯ. ಜೂಡಾ ಒಳ್ಳೆಯ ಮನೆತನದವನು. ಬಾಲ್ಯದ ಗೆಳೆಯನೇ ಅವನನ್ನು ಗುಲಾಮಗಿರಿಗೆ ದೂಡುತ್ತಾನೆ. ಯುದ್ಧದ ಹಡಗಿನ ತಳದಲ್ಲಿ ಸರಪಳಿ ಕಟ್ಟಿಸಿಕೊಂಡು ಹುಟ್ಟು ಹಾಕುವ ಕೆಲಸ. ಅಲ್ಲಿ ಅವನಿಗೆ ಹೆಸರಿಲ್ಲ, ನಂಬರ್ 41. ಒಬ್ಬ ಮರದ ಸುತ್ತಿಗೆಯಿಂದ ತಾಳ ಹಾಕುತ್ತಾನೆ, ದಂಡನಾಯಕ ವೇಗ ಹೆಚ್ಚಿಸು, ಇನ್ನೂ ಹೆಚ್ಚಿಸು ಅನ್ನುತ್ತಾ ಹೋಗುತ್ತಾನೆ. ಯಾಕೆ ಅಂತ ಕಾರಣವಿಲ್ಲ, ಯಾರು ಕುಸಿಯುತ್ತಾರೆ ನೋಡೋಣ ಅಂತ. ರಿಜಿಸ್ಟರ್ ನಂಬರ್ ಆಗಿ ನಾಲ್ಕು ವರ್ಷ ಕಳೆದವನಿಗೆ ಆ ದೃಶ್ಯ ಬಿಡಿಸಿ ಹೇಳಬೇಕಾಗಿಲ್ಲ. ಹಾಲ್‌ಟಿಕೆಟ್ ಪ್ರಿಂಟ್ ತೆಗೆಸುವಾಗ ಹೆಸರಿನ ಸ್ಪೆಲ್ಲಿಂಗ್ ತಪ್ಪಿದ್ದರೂ ಪರವಾಗಿಲ್ಲ, ನಂಬರ್ ಸರಿ ಇದ್ದರೆ ಸಾಕು ಅಂತ ಸೈಬರ್ ಸೆಂಟರಿನವನು ಹೇಳಿದ್ದ. ಆ ರಾತ್ರಿ ನಾನು 41ನೇ ನಂಬರಿನವನನ್ನು ಮತ್ತೆ ನೋಡಿದೆ.

ಈ ಸಿನಿಮಾಗಳು ನನಗೆ ಕೊಟ್ಟ ಇನ್ನೊಂದು ದೊಡ್ಡ ಉಪಕಾರ ಮಾತು. ಹಳಬರು ಮಾತಾಡುವ ಸ್ಪೀಡ್ ನೋಡಿ. ಒಂದು ವಾಕ್ಯ ಶುರು ಮಾಡಿದರೆ ಅದಕ್ಕೆ ತಲೆ, ಸೊಂಟ, ಕಾಲು ಎಲ್ಲ ಇರುತ್ತದೆ. ‘ಅಂದ್ರೆ’, ‘ಆಮೇಲೆ’, ‘ಬೇಸಿಕಲಿ’ ಅಂತ ನಡುವೆ ಎಡವುವುದಿಲ್ಲ. ಅಲ್ಪಪ್ರಾಣ ಅಲ್ಪಪ್ರಾಣವೇ, ಮಹಾಪ್ರಾಣ ಮಹಾಪ್ರಾಣವೇ. ರಾಜ್‌ಕುಮಾರ್ ಪ್ರಾಥಮಿಕ ಶಾಲೆಯನ್ನೂ ಪೂರ್ತಿ ಮುಗಿಸಿದವರಲ್ಲ. ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ನಾಟಕ ಕಂಪನಿಯಲ್ಲಿ ಹಿರಣ್ಯಕಶಿಪುವಿನಂಥ ಪಾತ್ರಗಳಿಗೆ ಹೆಸರಾಗಿದ್ದವರು. ಮಗ ಅಲ್ಲೇ ನೆಲದ ಮೇಲೆ ಮಲಗಿ, ಕೇಳಿ ಕೇಳಿ ಕಲಿತರು. 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ‘ಬೇಡರ ಕಣ್ಣಪ್ಪ’ದಲ್ಲಿ ಮುತ್ತುರಾಜ ರಾಜ್‌ಕುಮಾರ್ ಆದರು. ಮುಂದೆ ‘ಮಹಿಷಾಸುರ ಮರ್ದಿನಿ’ಯಲ್ಲಿ ಮಹಿಷಾಸುರ, ‘ರಣಧೀರ ಕಂಠೀರವ’, ‘ಇಮ್ಮಡಿ ಪುಲಿಕೇಶಿ’, ‘ಶ್ರೀಕೃಷ್ಣದೇವರಾಯ’, ‘ಮಯೂರ’. ದೊಡ್ಡ ಡಿಗ್ರಿಯವರೂ ಬೆರಗಾಗುವ ಕನ್ನಡ ಅದು. ಸಂದರ್ಶನಕ್ಕೆ ತಯಾರಿ ಮಾಡುವಾಗ ನಾನು ಕೋಚಿಂಗ್ ವಿಡಿಯೋಗಳ ಜೊತೆಗೆ ‘ಮಯೂರ’ದ ಸಂಭಾಷಣೆಗಳನ್ನು ಕನ್ನಡಿ ಮುಂದೆ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿದ್ದೇನೆ. ಪಕ್ಕದ ರೂಮಿನವರು ಓನರ್‌ಗೆ ಕಂಪ್ಲೇಂಟ್ ಕೊಟ್ಟರು, ಅದು ಬೇರೆ ವಿಷಯ. ಆದರೆ ಬೆನ್ನು ನೆಟ್ಟಗೆ ಮಾಡಿ, ಉಸಿರು ತುಂಬಿಕೊಂಡು, ವಾಕ್ಯದ ಕೊನೆಯವರೆಗೂ ದನಿ ಬೀಳದಂತೆ ಮಾತಾಡುವುದನ್ನು ನನಗೆ ಕಲಿಸಿದ್ದು ಯಾವ ಪರ್ಸನಾಲಿಟಿ ಡೆವಲಪ್‌ಮೆಂಟ್ ಕ್ಲಾಸೂ ಅಲ್ಲ.

‘ಬಭ್ರುವಾಹನ’ದ ಮಾತು ಬಂದರೆ ಮನೆಯ ಮಾತನ್ನೂ ಹೇಳಬೇಕಾಗುತ್ತದೆ. 1977ರ ಚಿತ್ರ, ನಿರ್ದೇಶನ ಹುಣಸೂರು ಕೃಷ್ಣಮೂರ್ತಿ. ಅರ್ಜುನನೂ ರಾಜ್‌ಕುಮಾರ್, ಮಗ ಬಭ್ರುವಾಹನನೂ ರಾಜ್‌ಕುಮಾರ್. ಅಶ್ವಮೇಧದ ಕುದುರೆಯ ಹಿಂದೆ ಅರ್ಜುನ ಮಣಿಪುರಕ್ಕೆ ಬರುತ್ತಾನೆ. ಬಂದಿರುವುದು ತನ್ನ ತಂದೆ ಅಂತ ತಿಳಿದ ಮಗ ಕುದುರೆ ಬಿಟ್ಟುಕೊಟ್ಟು, ಕಾಣಿಕೆ ಹಿಡಿದು, ಕಾಲಿಗೆರಗಲು ಹೋಗುತ್ತಾನೆ. ತಂದೆ ಅವನನ್ನು ಒಪ್ಪುವುದಿಲ್ಲ. ಹೇಡಿ ಅನ್ನುತ್ತಾನೆ, ಕೊನೆಗೆ ತಾಯಿಯ ಶೀಲದ ಬಗ್ಗೆಯೇ ಮಾತಾಡುತ್ತಾನೆ. ಅಲ್ಲಿಂದ ಶುರುವಾಗುತ್ತದೆ ನೋಡಿ, ತಂದೆ-ಮಗನ ವಾಗ್ವಾದ, ಮಾತು ಹಾಡಾಗಿ, ಹಾಡು ಬಾಣವಾಗಿ. ಮಗ ತಂದೆಯನ್ನು ಕೊಲ್ಲುತ್ತಾನೆ, ಆಮೇಲೆ ನಾಗಲೋಕದಿಂದ ಮಣಿ ತಂದು ಬದುಕಿಸುವುದೂ ಆಗುತ್ತದೆ.

ನಮ್ಮಪ್ಪ ಮಲ್ಲಿಗೆ ಬೆಳೆಗಾರ. ಹಡಗಲಿ ಮಲ್ಲಿಗೆಗೆ ಜಿಐ ಮಾನ್ಯತೆ ಇದೆ, ಬೆಳೆಗಾರನ ಮನೆಯಲ್ಲಿ ಅದರಿಂದ ಏನೂ ದಿಢೀರ್ ಬದಲಾಗುವುದಿಲ್ಲ. ನಸುಕಿನಲ್ಲೇ ಎದ್ದು ಮೊಗ್ಗು ಬಿಡಿಸಬೇಕು, ಬಿಸಿಲೇರಿದರೆ ಅರಳಿಬಿಡುತ್ತದೆ, ಅರಳಿದರೆ ದರ ಇಲ್ಲ. ವಯಸ್ಸಿನಲ್ಲಿ ಅಪ್ಪ ಊರ ನಾಟಕದಲ್ಲಿ ಅರ್ಜುನನ ಪಾತ್ರ ಮಾಡುತ್ತಿದ್ದರು. ಬೆಂಗಳೂರಿನಲ್ಲಿ ಸಿಕ್ಕ ಸಣ್ಣ ಕೆಲಸವನ್ನು ಬಿಟ್ಟು ಪರೀಕ್ಷೆಗೆ ಓದುತ್ತೇನೆ ಅಂತ ನಾನು ಊರಿಗೆ ಬಂದ ಮೇಲೆ ನಮ್ಮಿಬ್ಬರ ನಡುವೆ ಮಾತು ಕಡಿಮೆಯಾಯಿತು. ಬೈಯಲಿಲ್ಲ, ಕೇಳಲೂ ಇಲ್ಲ. ‘ಊಟ ಮಾಡಿದನೇನು ಅವ’ ಅಂತ ಅವ್ವನ ಹತ್ತಿರ ಕೇಳುವಷ್ಟಕ್ಕೆ ಬಂತು. ಒಂದು ಭಾನುವಾರ ಟಿವಿಯಲ್ಲಿ ‘ಬಭ್ರುವಾಹನ’ ಬಂತು. ನಾನು ಒಂದು ಮೂಲೆ, ಅವರು ಒಂದು ಮೂಲೆ. ವಾಗ್ವಾದದ ದೃಶ್ಯ ಬಂದಾಗ ಅಪ್ಪ ಟಿವಿ ನೋಡುವುದನ್ನು ಬಿಟ್ಟು ತುಟಿ ಅಲ್ಲಾಡಿಸತೊಡಗಿದರು. ತಾವು ನಾಟಕದಲ್ಲಿ ಆಡಿದ ಅರ್ಜುನನ ಮಾತುಗಳು, ಸಿನಿಮಾದ್ದಲ್ಲ. ಆಮೇಲೆ ಯಾರನ್ನೂ ನೋಡದೆ ಹೇಳಿದರು: ‘ಈ ಪಾತ್ರ ಮಾಡೋದು ಕಷ್ಟ. ಅರ್ಜುನಗ ಎದುರಿಗಿರೋನು ತನ್ನ ಮಗನೇ ಅಂತ ಒಳಗ ಗೊತ್ತಿರ್ತೈತಿ. ಗೊತ್ತಿಲ್ಲದವನಂಗ ಮಾಡಬೇಕು. ಗೊತ್ತೈತಿ ಅಂತ ಜನಕ್ಕ ಕಾಣಬೇಕು, ಮಗನಿಗೆ ಮಾತ್ರ ಕಾಣಬಾರದು.’

ಮೂಲ ಕತೆಯಲ್ಲಿ, ಸಿನಿಮಾದಲ್ಲಿ ಅರ್ಜುನನ ಮನಸ್ಸಿನಲ್ಲಿ ಏನಿತ್ತು ಅಂತ ವಿದ್ವಾಂಸರು ಹೇಳಲಿ. ಅಪ್ಪನ ಅರ್ಜುನ ಹಾಗಿದ್ದ. ನಾನು ಏನೂ ಹೇಳಲಿಲ್ಲ, ಅವರೂ ಮುಂದುವರಿಸಲಿಲ್ಲ. ಮರುದಿನ ನಸುಕಿನಲ್ಲಿ ಹೊಲಕ್ಕೆ ಹೋಗುವಾಗ ಬ್ಯಾಟರಿಯನ್ನು ನನ್ನ ಕೈಗೆ ಕೊಟ್ಟರು.

ಅಪ್ಪ-ಮಕ್ಕಳ ಜಗಳ ಅಂದರೆ ‘ಭಕ್ತ ಪ್ರಹ್ಲಾದ’ ಬಿಡುವ ಹಾಗಿಲ್ಲ. 1983ರದ್ದು, ಹಿರಣ್ಯಕಶಿಪು ರಾಜ್‌ಕುಮಾರ್, ಪ್ರಹ್ಲಾದ ಅವರ ಸ್ವಂತ ಮಗನೇ, ಆಗಿನ್ನೂ ಮಾಸ್ಟರ್ ಲೋಹಿತ್ ಆಗಿದ್ದ ಪುನೀತ್. ಅಪ್ಪ ಹೇಳಿದ ಸಿಲಬಸ್ ಓದುವುದಿಲ್ಲ ಅಂತ ಹಟ ಹಿಡಿದ ಹುಡುಗನ ಕತೆ ಅಂತ ಇದನ್ನು ನೋಡಿ, ಬೇರೆಯೇ ಮಜಾ ಕೊಡುತ್ತದೆ. ಹಿರಣ್ಯಕಶಿಪುವಿನ ವರವನ್ನಂತೂ ನಮ್ಮಂಥ ಸ್ಪರ್ಧಾರ್ಥಿಗಳು ವಿಶೇಷವಾಗಿ ಅಧ್ಯಯನ ಮಾಡಬೇಕು. ಹಗಲಲ್ಲ, ರಾತ್ರಿಯಲ್ಲ, ಒಳಗಲ್ಲ, ಹೊರಗಲ್ಲ, ಮನುಷ್ಯನಲ್ಲ, ಮೃಗವಲ್ಲ. ಎಷ್ಟು ಎಚ್ಚರಿಕೆಯಿಂದ ಡ್ರಾಫ್ಟ್ ಮಾಡಿದ ಷರತ್ತು! ಆದರೂ ಹೊಸ್ತಿಲು ಅನ್ನುವ ಒಂದು ಸಂದಿ ಉಳಿದುಹೋಯಿತು. ನೇಮಕಾತಿ ಅಧಿಸೂಚನೆಯ ‘ಷರಾ’ ಕಾಲಂ ಓದದೆ ಅರ್ಜಿ ತಿರಸ್ಕೃತವಾದ ಗೆಳೆಯರಿಗೆ ಇದರ ನೋವು ಗೊತ್ತು.

ಇಷ್ಟೆಲ್ಲ ಹೊಗಳಿದ ಮೇಲೆ ಇವುಗಳ ದೋಷ ಹೇಳದಿದ್ದರೆ ಅನ್ಯಾಯ. ಉದ್ದ ಜಾಸ್ತಿ. ‘ಟೆನ್ ಕಮಾಂಡ್‌ಮೆಂಟ್ಸ್’ ಮೂರು ಗಂಟೆ ನಲವತ್ತು ನಿಮಿಷ, ಡಾಟಾ ಪ್ಯಾಕ್ ಮುಗಿದರೂ ಸಿನಿಮಾ ಮುಗಿಯುವುದಿಲ್ಲ. ಹೆಂಗಸರಿಗೆ ಅಳುವುದು, ಕಾಯುವುದು, ಪರೀಕ್ಷೆಗೆ ಒಳಗಾಗುವುದು ಬಿಟ್ಟರೆ ಕೆಲಸ ಕಡಿಮೆ. ಈ ದೃಷ್ಟಿಯಿಂದ ಮಹಿಷನನ್ನು ಕೊಲ್ಲುವ ದೇವಿಯೇ ವಾಸಿ, ಅವಳಾದರೂ ಕೊನೆಯಲ್ಲಿ ಬಂದು ಕೆಲಸ ಮುಗಿಸುತ್ತಾಳೆ. ರಾಕ್ಷಸ ಅಂದರೆ ಕಪ್ಪು ಬಣ್ಣ ಬಳಿಯಲೇಬೇಕು ಅನ್ನುವುದು ನಮ್ಮವರ ರೋಗವಾದರೆ, ಹಾಲಿವುಡ್‌ನವರದ್ದು ಇನ್ನೊಂದು. ಈಜಿಪ್ಟಿನವರು, ಅರಬರು ಎಲ್ಲರ ಪಾತ್ರವನ್ನೂ ಬಿಳಿಯರೇ ಮೈಗೆ ಕಂದು ಬಣ್ಣ ಬಳಿದುಕೊಂಡು ಮಾಡಿದರು. ‘ಬೆನ್‌ಹರ್’ನ ಅರಬ್ ಶೇಖ್ ಆಗಿದ್ದ ಹ್ಯೂ ಗ್ರಿಫಿತ್ ಬ್ರಿಟಿಷ್ ನಟ, ಅದಕ್ಕೆ ಆಸ್ಕರ್ ಕೂಡ ಬಂತು.

ಇವೆಲ್ಲ ಯಾರಾದರೂ ಹೇಳಬಹುದಾದ ಟೀಕೆಗಳು. ನನ್ನನ್ನು ನಿಜವಾಗಿ ನಿಲ್ಲಿಸಿದ ಪ್ರಶ್ನೆ ನಮ್ಮ ಗ್ಯಾಂಗಿನ ಒಬ್ಬ ಗೆಳೆಯನದ್ದು. ಅವನು ಊರ ಹೊರಗಿನ ಕೇರಿಯವನು, ನಮ್ಮೆಲ್ಲರಿಗಿಂತ ಚೆನ್ನಾಗಿ ಓದುವವನು. ಒಂದು ರಾತ್ರಿ ನಾನು ‘ಸತ್ಯ ಹರಿಶ್ಚಂದ್ರ’ ಹಚ್ಚಿದ್ದೆ. 1965ರದ್ದು, ಇದಕ್ಕೂ ನಿರ್ದೇಶನ ಹುಣಸೂರರದ್ದೇ. 2008ರಲ್ಲಿ ಬಣ್ಣ ಹಾಕಿ ಮತ್ತೆ ಬಿಡುಗಡೆ ಮಾಡಿದ್ದರು. ಅದರಲ್ಲಿ ಎಂ.ಪಿ. ಶಂಕರ್ ಮಾಡಿದ ವೀರಬಾಹುವಿನ ಪಾತ್ರ ನನಗೆ ಬಹಳ ಇಷ್ಟ. ರಾಜನನ್ನು ದುಡ್ಡು ಕೊಟ್ಟು ಕೊಂಡು ಸುಡುಗಾಡು ಕಾಯಲು ಇಡುವ ಮನುಷ್ಯ. ಕುಲದ ಹಮ್ಮನ್ನು ಪ್ರಶ್ನಿಸುವ ಆ ಹಾಡು ಕರ್ನಾಟಕದಲ್ಲಿ ಇವತ್ತಿಗೂ ಎಲ್ಲರ ಬಾಯಲ್ಲಿದೆ. ನಾನು ಅದನ್ನೇ ಹೇಳುತ್ತಾ, ನೋಡು ಎಷ್ಟು ಮುಂದೆ ಯೋಚಿಸಿದ್ದರು ಆಗಲೇ ಅಂದೆ. ಗೆಳೆಯ ಪೂರ್ತಿ ನೋಡಿದ. ಹಾಡು ಚೆನ್ನಾಗಿದೆ ಅಂದ. ಆಮೇಲೆ ಕೇಳಿದ: ‘ರಾಜ ನಾಲ್ಕು ದಿನ ಸುಡುಗಾಡು ಕಾದ್ರ ಅದು ತ್ಯಾಗ. ಕೊನೀಗೆ ದೇವರೇ ಇಳಿದು ಬಂದು ರಾಜ್ಯ ವಾಪಸ್ ಕೊಡ್ತಾನ. ನಮ್ಮಜ್ಜ ಜೀವಮಾನ ಇಡೀ ಕಾದ. ಅವನ ಪಿಚ್ಚರ್ ಎಲ್ಲೈತಿ?’

ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಆ ಸಿನಿಮಾ ಕುಲದ ಬಗ್ಗೆ ಎತ್ತಿದ ಮಾತು ನಿಜ. ಆದರೆ ಕ್ಯಾಮೆರಾ ಅಳುವುದು ರಾಜನಿಗಾಗಿ. ಸುಡುಗಾಡಿನ ಕೆಲಸ ಘೋರ ಅನ್ನಿಸುವುದು ಅದನ್ನು ರಾಜ ಮಾಡಿದಾಗ ಮಾತ್ರ. ಈಗ ಆ ಚಿತ್ರ ನೋಡುವಾಗಲೆಲ್ಲ ನನ್ನ ಕಣ್ಣು ಹರಿಶ್ಚಂದ್ರನನ್ನು ಬಿಟ್ಟು ಪಕ್ಕಕ್ಕೆ, ಹಿಂದಕ್ಕೆ ಹೋಗುತ್ತದೆ. ಹಾಗೆಯೇ ‘ಬೆನ್‌ಹರ್’ನಲ್ಲಿ 41ರ ಪಕ್ಕ ಕೂತ 40 ಮತ್ತು 42ರ ಕಡೆಗೂ. ಯುದ್ಧಕ್ಕೆ ಮುಂಚೆ ದಂಡನಾಯಕ ಸರಪಳಿ ಬಿಚ್ಚಿಸಿದ್ದು 41ರದ್ದು ಮಾತ್ರ. 1960ರ ‘ಸ್ಪಾರ್ಟಕಸ್’ ನನಗೆ ಈಚೆಗೆ ಹೆಚ್ಚು ಹಿಡಿಸುತ್ತಿರುವುದಕ್ಕೆ ಇದೂ ಕಾರಣ ಇರಬಹುದು. ಅಲ್ಲಿ ಗುಲಾಮರೇ ಗುಂಪಾಗಿ ಏಳುತ್ತಾರೆ. ಸೋಲುತ್ತಾರೆ, ಆದರೆ ತಮ್ಮಲ್ಲೊಬ್ಬನನ್ನು ಗುರುತಿಸಿ ಕೊಡಿ ಅಂದಾಗ ಯಾರೂ ಕೊಡುವುದಿಲ್ಲ. ಯಾರೂ ಇಳಿದು ಬಂದು ಅವರ ರಾಜ್ಯ ಮರಳಿ ಕೊಡುವುದಿಲ್ಲ. ಗೆಳೆಯನಿಗೂ ಅದೇ ಹೆಚ್ಚು ಇಷ್ಟವಾಯಿತು, ಮೊಬೈಲಿನ ಪುಟ್ಟ ಪರದೆಯಲ್ಲೇ ಎರಡು ಸಲ ನೋಡಿದ.

ನೀವು ಇವನ್ನು ನೋಡದವರಾಗಿದ್ದರೆ ಒಂದು ಸಲಹೆ. ಒಬ್ಬರೇ ನೋಡಬೇಡಿ. ಈ ಸಿನಿಮಾಗಳು ಗುಂಪಿಗಾಗಿ ಮಾಡಿದವು, ಒಬ್ಬರೇ ನೋಡಿದರೆ ಅರ್ಧ ರುಚಿ ಹೋಗುತ್ತದೆ. 2020ರ ಲಾಕ್‌ಡೌನ್‌ನಲ್ಲಿ ದೂರದರ್ಶನ ಹಳೆಯ ‘ರಾಮಾಯಣ’ವನ್ನು ಮತ್ತೆ ಹಾಕಿದಾಗ ಮನೆಯವರೆಲ್ಲ ಒಟ್ಟಿಗೆ ಕೂತದ್ದು ನೆನಪಿರಬೇಕು. ಅಜ್ಜಿಯನ್ನೋ ಅಪ್ಪನನ್ನೋ ಪಕ್ಕಕ್ಕೆ ಕೂರಿಸಿಕೊಳ್ಳಿ, ತಮಾಷೆ ಮಾಡುವ ಗೆಳೆಯನನ್ನೂ ಬಿಡಬೇಡಿ. ‘ಬಭ್ರುವಾಹನ’ದಿಂದ ಶುರು ಮಾಡಿ. ಆಮೇಲೆ ‘ಬೆನ್‌ಹರ್’, ಬೇಕಿದ್ದರೆ ಎರಡು ರಾತ್ರಿ ಮಾಡಿಕೊಂಡು. ‘ಶ್ರೀಕೃಷ್ಣದೇವರಾಯ’ ನೋಡಿದ ಮೇಲೆ ಒಂದು ದಿನ ಹಂಪಿಯ ಬಸ್ ಹತ್ತಿ, ಹೇಗೂ ಈಗ ನಾವೂ ವಿಜಯನಗರ ಜಿಲ್ಲೆಯವರೇ.

ಮುಂದಿನ ಜಾತ್ರೆಗೆ ನಮ್ಮೂರಲ್ಲಿ ‘ಸತ್ಯ ಹರಿಶ್ಚಂದ್ರ’ ನಾಟಕ ಆಡಬೇಕು ಅಂತ ಮಾತು ನಡೆದಿದೆ. ಹಾರ್ಮೋನಿಯಂ ಮಾಸ್ತರರು ಸಿಕ್ಕಿದ್ದಾರೆ, ಸೀನರಿಯವರಿಗೆ ಅಡ್ವಾನ್ಸ್ ಕೊಡುವುದು ಬಾಕಿ. ಹುಡುಗರು ಬೆಂಗಳೂರಿಗೆ ಹೋಗಿರುವುದರಿಂದ ಪಾತ್ರಧಾರಿಗಳ ಕೊರತೆ ಇದೆ. ವೀರಬಾಹುವಿನ ಪಾತ್ರವನ್ನು ನನ್ನ ಗೆಳೆಯ ಕೇಳಿದ್ದಾನೆ. ಕೇಳುವಾಗ ಒಂದು ಷರತ್ತನ್ನೂ ಹಾಕಿದ್ದಾನೆ: ತನ್ನ ಪಾತ್ರಕ್ಕೆ ಒಂದು ಮಾತನ್ನು ತಾನೇ ಬರೆದು ಸೇರಿಸುತ್ತಾನಂತೆ, ಅದನ್ನು ಯಾರೂ ಮೊದಲೇ ನೋಡುವ ಹಾಗಿಲ್ಲ. ಹಿರಿಯರು ಇನ್ನೂ ಹೂಂ ಅಂದಿಲ್ಲ. ಅಪ್ಪ ಮಾತ್ರ, ಪಾತ್ರ ಮಾಡೋನಿಗೆ ಅಷ್ಟು ಹಕ್ಕು ಇರಬೇಕು ಅಂತ ಕಟ್ಟೆಯ ಮೇಲೆ ವಾದ ಮಾಡುತ್ತಿದ್ದಾರೆ.